ಕಾರಣ ತಂದವರು

ನಮ್ಮ ಮನೆಯವರು ತೀರಿಕೊಂಡ ಮೇಲೆ ಮನೆಗೆ ಬಂದವರೆಲ್ಲ ಒಂದೊಂದು ಕಾರಣ ತಂದರು. ಕೆಲವರು ಹಣ್ಣು ತಂದರು, ಕೆಲವರು ಬರಿಗೈಯಲ್ಲಿ ಬಂದರು, ಆದರೆ ಕಾರಣವಿಲ್ಲದೆ ಬಂದವರು ಕಡಿಮೆ. ಭೇರ್ಯದಿಂದ ಬಂದ ನನ್ನ ದೊಡ್ಡಮ್ಮ, ರಾತ್ರಿ ಹೊತ್ತು ಮೊಸರು ಉಣ್ಣುತ್ತಿದ್ದದ್ದೇ ಮುಳುವಾಯಿತು ಅಂದರು. ಹೊಸ ಅಗ್ರಹಾರದ ನೆಂಟರೊಬ್ಬರು ಪೇಪರ್ ಲೋಟದ ಟೀ ಅಂದರು. ಅವರ ಕೈಯಲ್ಲೂ ಆಗ ಪೇಪರ್ ಲೋಟವೇ ಇತ್ತು, ಅದರಲ್ಲಿ ಟೀಯೂ ಇತ್ತು. ಊಟದ ಮಧ್ಯೆ ನೀರು ಕುಡಿಯುತ್ತಿದ್ದರಲ್ಲ, ಅದು, ಅಂತ ಒಬ್ಬರು. ಅಂಗಿ ಜೇಬಿನಲ್ಲಿ ಫೋನು ಇಟ್ಟುಕೊಳ್ಳುತ್ತಿದ್ದರಲ್ಲ, ಅದು, ಅಂತ ಇನ್ನೊಬ್ಬರು. ನಾನು ಚಾಪೆಯ ಮೇಲೆ ಗೋಡೆಗೊರಗಿ ಕೂತು ಎಲ್ಲರಿಗೂ ‘ಇರಬಹುದು’ ಅಂದೆ. ಆ ದಿನಗಳಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದ ಮಾತು ಅದು. ಅದಕ್ಕೆ ಮುಂದೆ ಯಾರೂ ಏನೂ ಕೇಳುವುದಿಲ್ಲ.

ಅವರಿಗೆ ಬಂದದ್ದು ಹೊಟ್ಟೆಯ ಹಿಂಭಾಗದಲ್ಲಿರುವ ಒಂದು ಗ್ರಂಥಿಯ ಕ್ಯಾನ್ಸರ್. ಅಂಥದ್ದೊಂದು ಗ್ರಂಥಿ ಮೈಯೊಳಗೆ ಇದೆ ಅಂತಲೇ ನಮಗೆ ಗೊತ್ತಿರಲಿಲ್ಲ. ಕಣ್ಣು ಹಳದಿಯಾಗಿದೆ ಅಂತ ಹುಣಸೂರಿನ ಡಾಕ್ಟರ ಹತ್ತಿರ ಹೋದೆವು. ಅವರು ಮೈಸೂರಿಗೆ ಕಳಿಸಿದರು. ಮೈಸೂರಿನವರು ಒಂದಷ್ಟು ದಿನ ಇಟ್ಟುಕೊಂಡು, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಅಂದರು. ಆ ಮಾತಿನ ಅರ್ಥ ನನಗೆ ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗಲೇ ತಿಳಿಯಿತು. ಯುಗಾದಿಯ ಹೊತ್ತಿಗೆ ಅವರು ಇರಲಿಲ್ಲ.

ಬಂದವರ ಕಾರಣಗಳಿಂದ ನನಗೆ ನೋವಾಗಲಿಲ್ಲ. ಬರೀ ಸುಸ್ತಾಯಿತು. ಮನುಷ್ಯನೊಬ್ಬ ಐವತ್ತೈದು ದಾಟುವ ಮೊದಲೇ ಹೋದರೆ ಉಳಿದವರಿಗೆ ಭಯವಾಗುತ್ತದೆ. ಅವನು ಮಾಡುತ್ತಿದ್ದ, ತಾವು ಮಾಡದ ಯಾವುದಾದರೂ ಒಂದು ಕೆಲಸ ಸಿಕ್ಕರೆ ಸಮಾಧಾನವಾಗಿ ಮನೆಗೆ ಹೋಗಬಹುದು. ಹೋಗಲಿ ಅಂತ ಬಿಟ್ಟಿದ್ದೆ. ಆದರೆ ಒಂದು ಕಾರಣ ಮಾತ್ರ ಬಂದವರ ಜೊತೆ ಹೋಗಲಿಲ್ಲ. ಅದು ನಮ್ಮ ಮನೆಯಲ್ಲೇ ಉಳಿಯಿತು.

ಅದನ್ನು ತಂದವನು ನನ್ನ ಮೈದುನ. ನಮ್ಮ ಮನೆಯವರ ಒಬ್ಬನೇ ತಮ್ಮ. ನಾನು ಮದುವೆಯಾಗಿ ಬಂದಾಗ ಶಾಲೆಗೆ ಹೋಗುತ್ತಿದ್ದ ಹುಡುಗ, ಈಗ ಅವನ ತಲೆಯೂ ನೆರೆತಿದೆ. ಅವನ ಮನೆ ನಮ್ಮ ಮನೆಯ ಪಕ್ಕಕ್ಕೇ ಇದೆ. ನಡುವೆ ಹಿತ್ತಲು, ಹಿತ್ತಲಾಚೆ ಎರಡು ಬ್ಯಾರನ್ನು. ಹೊಗೆಸೊಪ್ಪನ್ನು ಕೋಲಿಗೆ ಕಟ್ಟಿ ನೇತುಹಾಕಿ, ಕೆಳಗೆ ಬೆಂಕಿಯ ಕಾವು ಕೊಟ್ಟು ಬೇಯಿಸುವ ಎತ್ತರದ ಮನೆಗಳಿಗೆ ಇಲ್ಲಿ ಬ್ಯಾರನ್ನು ಅನ್ನುತ್ತಾರೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಅದಿಲ್ಲದ ಹಿತ್ತಲು ಕಮ್ಮಿ.

ತಿಥಿ ಕಳೆದ ಮೇಲೆ ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಮೈದುನ ಫೋನಿನಲ್ಲಿ ಬಂದಿದ್ದ ಒಂದು ಮಾತನ್ನು ಜೋರಾಗಿ ಹಾಕಿದ. ತಾನು ದೊಡ್ಡ ಡಾಕ್ಟರು ಅಂತ ಹೇಳಿಕೊಂಡ ಒಬ್ಬ ಗಂಡಸಿನ ದನಿ. ಸಿಲ್ವಾರದ ಪಾತ್ರೆಯಲ್ಲಿ ಅಡಿಗೆ ಮಾಡುವುದೂ ಒಂದೇ, ವಿಷ ಬೆರೆಸುವುದೂ ಒಂದೇ ಅಂತ ಆ ದನಿ ಹೇಳಿತು. ಅಲ್ಯೂಮಿನಿಯಂಗೆ ನಮ್ಮಲ್ಲಿ ಸಿಲ್ವಾರ ಅನ್ನುತ್ತಾರೆ. ಅದರಲ್ಲೂ ತಳ ಹಿಡಿದದ್ದನ್ನು ಕೆರೆದು ತಿಂದವರ ಗತಿ ಮುಗಿದಂತೆ, ಹೊಟ್ಟೆಯೊಳಗೆ ಗಡ್ಡೆ ಕಟ್ಟಿಯೇ ಕಟ್ಟುತ್ತದೆ, ಇದನ್ನು ಎಲ್ಲರಿಗೂ ಕಳಿಸಿ ಪುಣ್ಯ ಕಟ್ಟಿಕೊಳ್ಳಿ ಅಂತ ಮುಗಿಯಿತು. ಮೈದುನ ಇನ್ನೊಂದು ಸಲ ಹಾಕಿದ. ಮಾರನೆಯ ದಿನವೇ ಗುಜರಿಯವನನ್ನು ಕರೆದು ಎರಡೂ ಮನೆಯ ಸಿಲ್ವಾರದ ಪಾತ್ರೆಗಳನ್ನು ಹಾಕಿಸಿದ. ನಾನು ಅಡ್ಡ ಬರಲಿಲ್ಲ. ಗಂಡ ಹೋದ ಮನೆಯಲ್ಲಿ ತಪ್ಪಲೆಗಾಗಿ ಜಗಳವಾಡುವ ಶಕ್ತಿ ನನಗಿರಲಿಲ್ಲ. ಗುಜರಿಯವನ ಗಾಡಿ ಹೋಗುವವರೆಗೆ ನೋಡುತ್ತ ನಿಂತ ಮೈದುನನ ಹಿಂದೆ ಬ್ಯಾರನ್ನು ಇತ್ತು, ಅದರ ಗೋಡೆ ಹೊಗೆಯಿಂದ ಕಪ್ಪಾಗಿತ್ತು. ಅದರ ಬಗ್ಗೆ ಯಾರ ಫೋನಿಗೂ ಏನೂ ಬಂದಿರಲಿಲ್ಲ. ಹಾಗಂತ ಬ್ಯಾರನ್ನಿಂದಲೇ ಬಂತು ಅಂತ ನಾನೂ ಹೇಳುವುದಿಲ್ಲ. ಹೇಳಿದರೆ ನಾನೂ ಕಾರಣ ತಂದವಳೇ ಆದೆ.

ಅವತ್ತಿನಿಂದ ನಮ್ಮ ಅತ್ತೆ ಹಿಟ್ಟು ತೊಳಸಲಿಲ್ಲ.

ಇದು ನನಗೆ ತಕ್ಷಣ ಗೊತ್ತಾಗಲಿಲ್ಲ. ಎಂಬತ್ತು ದಾಟಿದ ಹೆಂಗಸು, ಮಗನನ್ನು ಕಳೆದುಕೊಂಡಿದ್ದಾರೆ, ಒಲೆಯ ಮುಂದೆ ಕೂರಲು ಮನಸ್ಸಿಲ್ಲ ಅಂದುಕೊಂಡೆ. ಆದರೆ ಅತ್ತೆಗೂ ಹಿಟ್ಟಿಗೂ ಇದ್ದ ನಂಟು ಗೊತ್ತಿದ್ದವಳು ನಾನೇ. ನಾನು ಸಾಲಿಗ್ರಾಮದ ಕಡೆಯವಳು. ನಾಲೆ ನೀರಿನ ಊರು, ಅನ್ನ ಉಣ್ಣುವ ಮನೆ. ಕೆ.ಆರ್. ನಗರದಲ್ಲಿ ಪಿಯುಸಿ ಮುಗಿಸಿ ಈ ಮಳೆ ನಂಬಿದ ಸೀಮೆಗೆ ಸೊಸೆಯಾಗಿ ಬಂದಾಗ ನನಗೆ ರಾಗಿ ಹಿಟ್ಟು ಮಾಡಲು ಬರುತ್ತಿರಲಿಲ್ಲ. ಇಲ್ಲಿ ಮುದ್ದೆ ಅನ್ನುವುದು ಕಡಿಮೆ, ಹಿಟ್ಟು ಅಂತಲೇ ಅನ್ನುವುದು. ಪಾತ್ರೆ ಅಲ್ಲಾಡದ ಹಾಗೆ ಕವೆಗೋಲನ್ನು ಕಾಲಿನಿಂದ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಕೋಲು ತಿರುವಿ ಗಂಟು ಒಡೆಯಬೇಕು. ನನ್ನ ಹಿಟ್ಟಿನಲ್ಲಿ ಗಂಟೇ ಜಾಸ್ತಿ ಇರುತ್ತಿತ್ತು. ಅತ್ತೆ ಬೈಯುತ್ತಿರಲಿಲ್ಲ. ನೀನು ಪಿಯುಸಿ ಓದುವಾಗ ಇದನ್ನು ಕೊನೆಯ ಪಾಠಕ್ಕೆ ಇಟ್ಟಿದ್ದರೇನೋ, ಪರೀಕ್ಷೆ ಬಂತು ಅಂತ ಬಿಟ್ಟರೇನೋ ಅನ್ನುತ್ತಿದ್ದರು. ಅವರ ಕೈಯಲ್ಲಿ ಹಿಟ್ಟು ಬೆಣ್ಣೆಯ ಹಾಗೆ ಆಗುತ್ತಿತ್ತು. ಈ ಮೊನ್ನೆಯವರೆಗೂ, ಸೊಂಟ ಬಗ್ಗಿದ ಮೇಲೂ, ಅದೊಂದು ಕೆಲಸವನ್ನು ನನಗೆ ಬಿಟ್ಟುಕೊಟ್ಟಿರಲಿಲ್ಲ.

ಎಚ್.ಡಿ. ಕೋಟೆಗೆ ಕೊಟ್ಟಿರುವ ನನ್ನ ಮಗಳು ಮಗುವನ್ನು ಕರೆದುಕೊಂಡು ಬಂದಿದ್ದಾಗ ವಿಷಯ ತಿಳಿಯಿತು. ಮಗು ಇನ್ನೂ ಎರಡು ವರ್ಷದ್ದು. ಅತ್ತೆ ಊಟಕ್ಕೆ ಕೂತಿದ್ದಾಗ ಹತ್ತಿರ ಹೋಗಿ ತಟ್ಟೆಗೆ ಕೈ ಹಾಕಿತು. ಅತ್ತೆ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರು.

“ಬ್ಯಾಡ ಕಂದ,” ಅಂದರು. “ನನ್ ಕೈಯಿಂದ ಬ್ಯಾಡ. ನಿಮ್ಮವ್ವನ ಕೈಲಿ ಉಣ್ಣು.”

ಮಗು ಅತ್ತಿತು. ಮಗಳು ಎತ್ತಿಕೊಂಡು ಹೋದಳು. ನಾನು ಅತ್ತೆಯ ಪಕ್ಕ ಕೂತು ಯಾಕೆ ಅಂತ ಕೇಳಿದೆ. ಬೆರಳಲ್ಲಿ ಹಿಟ್ಟನ್ನು ಒತ್ತುತ್ತಾ ಕೂತಿದ್ದರು, ಬಾಯಿಗೆ ಇಡುತ್ತಿರಲಿಲ್ಲ. ನಾನೂ ಏಳಲಿಲ್ಲ. ಕೊನೆಗೆ ತಟ್ಟೆ ನೋಡಿಕೊಂಡೇ ಹೇಳಿದರು.

“ಇಟ್ಟು ಎಲ್ಲಾರೂ ಉಂಡ್ರು ಕಣವ್ವ. ತಳದ್ದು ಉಂಡವ್ನು ಅವ್ನೊಬ್ನೇಯ.”

ಅದು ನಿಜ. ತಪ್ಪಲೆಯ ತಳಕ್ಕೆ ಹಿಡಿದ ಹಿಟ್ಟು ಒಣಗಿ ಹಪ್ಪಳದ ಹಾಗೆ ಎದ್ದು ಬರುತ್ತದೆ. ನಮ್ಮ ಮನೆಯವರಿಗೆ ಚಿಕ್ಕಂದಿನಿಂದ ಅದರ ಆಸೆ. ಅತ್ತೆ ಅದನ್ನು ಚಮಚದಿಂದ ಕೆರೆದು, ಬೆಣ್ಣೆ ಸವರಿ ಎತ್ತಿಡುತ್ತಿದ್ದರು. ಮೀಸೆ ಬಂದರೂ, ಮಗಳ ಮದುವೆ ಮಾಡಿದರೂ, ಹೊಲದಿಂದ ಬಂದವರು ಮೊದಲು ಅಡಿಗೆಮನೆಗೆ ಇಣುಕಿ ‘ಕೆರೆದ್ಯಾ ಅವ್ವ?’ ಅಂತ ಕೇಳುತ್ತಿದ್ದರು. ಮೈದುನನಿಗೆ ಅದು ಸೇರುತ್ತಿರಲಿಲ್ಲ. ನನಗೆ ಹಲ್ಲಿಗೆ ಗಟ್ಟಿ. ಆ ದೊಡ್ಡ ಡಾಕ್ಟರ ದನಿ ಊಟದ ಮಧ್ಯೆ ತಳ ಕೆರೆದು ತಿಂದವರ ಬಗ್ಗೆ ಹೇಳಿದಾಗ, ಅಲ್ಲಿ ಕೂತಿದ್ದವರಲ್ಲಿ ಆ ಮಾತು ಒಬ್ಬರನ್ನೇ ಹುಡುಕಿಕೊಂಡು ಹೋಗಿತ್ತು. ನಮಗೆ ಯಾರಿಗೂ ಕಾಣಿಸಲಿಲ್ಲ.

ನಾನು ಹೇಳಬಹುದಾದದ್ದನ್ನೆಲ್ಲ ಹೇಳಿದೆ. ಊರಿಗೆ ಊರೇ ಸಿಲ್ವಾರದಲ್ಲಿ ಉಂಡಿದೆ, ನೀವೂ ಮದುವೆಯಾದಾಗಿನಿಂದ ಅದರಲ್ಲೇ ಉಂಡಿದ್ದೀರಿ, ನಿಮಗೇನಾಗಿದೆ ಅಂದೆ. ಅತ್ತೆ ತಲೆಯಾಡಿಸಿದರು. ಒಪ್ಪಿದ ತಲೆಯಾಟ ಅಲ್ಲ, ಸಾಕು ನಿಲ್ಲಿಸು ಅನ್ನುವುದು. ಅವತ್ತಿನಿಂದ ಅವರ ಊಟ ಇನ್ನೂ ಕಮ್ಮಿಯಾಯಿತು. ಬೆಳಿಗ್ಗೆ ಒಂದು ಲೋಟ ಕಾಫಿ, ಮಧ್ಯಾಹ್ನ ಎರಡು ತುತ್ತು. ಸೀರೆಯ ನೆರಿಗೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಒಬ್ಬರನ್ನು ಕಳಿಸಿ ಇನ್ನೂ ಕಣ್ಣು ಆರಿಲ್ಲ, ಇನ್ನೊಬ್ಬರು ನನ್ನ ಕಣ್ಣ ಮುಂದೆ ಕರಗುತ್ತಿದ್ದಾರೆ ಅಂತ ನನಗೆ ಭಯವಾಯಿತು. ಅಲ್ಲಿಯವರೆಗೆ ಎಲ್ಲದಕ್ಕೂ ‘ಇರಬಹುದು’ ಅಂದುಕೊಂಡು ಕೂತವಳು, ಈಗ ಇರಲಾರದು ಅಂತ ಅವರನ್ನು ನಂಬಿಸಬೇಕಾಯಿತು.

ಅತ್ತೆಯ ಬಿಪಿ ಮಾತ್ರೆಗೆ ಹುಣಸೂರಿಗೆ ಹೋದ ದಿನ, ನಮ್ಮ ಮನೆಯವರ ಕಣ್ಣು ನೋಡಿ ಮೈಸೂರಿಗೆ ಕಳಿಸಿದ್ದ ಅದೇ ಡಾಕ್ಟರನ್ನು ಅತ್ತೆಯ ಎದುರಿಗೇ ಕೇಳಿದೆ. ಒಳ್ಳೆಯ ಮನುಷ್ಯ. ಹೊರಗೆ ಜನ ಕಾಯುತ್ತಿದ್ದರೂ ಪೆನ್ನು ಕೆಳಗಿಟ್ಟರು. ಸಿಲ್ವಾರದ ಪಾತ್ರೆಯಿಂದ ಈ ಕಾಯಿಲೆ ಬರುತ್ತದೆ ಅಂತ ತಾನು ಎಲ್ಲೂ ಓದಿಲ್ಲ, ಹುಳಿ ಪದಾರ್ಥ ಅದರಲ್ಲಿ ಬಹಳ ಹೊತ್ತು ಇಡಬೇಡಿ, ಅಷ್ಟೇ ಅಂದರು. ಬೀಡಿ ಸಿಗರೇಟು ಸೇದುವವರಿಗೆ ಈ ಕಾಯಿಲೆ ಹೆಚ್ಚು, ವಯಸ್ಸಾದವರಿಗೆ ಹೆಚ್ಚು, ಆದರೆ ಏನೂ ಮಾಡದವರಿಗೂ ಬರುತ್ತದೆ, ಇಂಥವರಿಗೆ ಇಂಥದ್ದರಿಂದಲೇ ಬಂತು ಅಂತ ಹೇಳಲು ಆಗುವುದಿಲ್ಲ ಅಂದರು. ನಮ್ಮ ಮನೆಯವರು ಹರೆಯದಲ್ಲಿ ಬೀಡಿ ಸೇದಿ, ಮಗಳು ಹುಟ್ಟಿದ ಮೇಲೆ ಬಿಟ್ಟಿದ್ದರು. ಅದೂ ಇರಬಹುದು, ಅಲ್ಲದೆಯೂ ಇರಬಹುದು ಅಂದರು ಡಾಕ್ಟರು. ನನಗೆ ಎದೆಯ ಭಾರ ಸ್ವಲ್ಪ ಇಳಿದ ಹಾಗಾಯಿತು.

ಬಸ್ಸಿನಲ್ಲಿ ಅತ್ತೆಯ ಮುಖ ನೋಡಿದೆ. ಹೋಗುವಾಗ ಹೇಗಿತ್ತೋ ಹಾಗೇ ಇತ್ತು.

“ಅವ್ರು ಅಂಗೇ ಯೋಳ್ಬೇಕು ಕಣವ್ವ,” ಅಂದರು. “ಎತ್ತವ್ವನ್ನ ಮುಂದೆ ಕುಂಡ್ರುಸ್ಕಂಡು ನಿನ್ ಮಗ ನಿನ್ನಿಂದ್ಲೇ ಓದ ಅಂತ ಯಾರಾದ್ರೂ ಅಂದಾರಾ?”

ಫೋನಿನಲ್ಲಿ ಹೆದರಿಸಿದವನ ಮುಖವನ್ನೇ ಯಾರೂ ನೋಡಿಲ್ಲ, ಆದರೂ ಅತ್ತೆಗೆ ಅವನ ಮಾತು ನಿಜ. ಕೂರಿಸಿಕೊಂಡು ನಿಧಾನವಾಗಿ ಹೇಳಿದವರದ್ದು ಬರೀ ಸಮಾಧಾನ. ಕಿಟಕಿಯಾಚೆ ಹೊಲದಲ್ಲಿ ಹೊಗೆಸೊಪ್ಪು ಮೊಣಕಾಲೆತ್ತರ ಬೆಳೆದಿತ್ತು. ನಾನು ಕಣ್ಣು ಮುಚ್ಚಿಕೊಂಡು ಕೂತೆ.

ಆಮೇಲೆ ಸೊಪ್ಪು ಮುರಿಯುವ ಕಾಲ ಬಂತು. ಆ ಕೆಲಸ ಸತ್ತವರನ್ನೂ ಕೇಳುವುದಿಲ್ಲ, ಇದ್ದವರನ್ನೂ ಕೇಳುವುದಿಲ್ಲ. ಮುರಿಯಬೇಕು, ಕಟ್ಟಬೇಕು, ಏರಿಸಬೇಕು, ಬೆಂಕಿ ಕಾಯಬೇಕು. ಅಣ್ಣನಿಲ್ಲದೆ ಮೈದುನನೊಬ್ಬನೇ ಎರಡೂ ಬ್ಯಾರನ್ನು ನೋಡಿಕೊಂಡ. ಅವನೂ ಇಳಿದುಹೋಗಿದ್ದ. ಕಾಫಿ ಬಿಟ್ಟಿದ್ದ, ಸಕ್ಕರೆ ಬಿಟ್ಟಿದ್ದ. ಕೈ ತೊಳೆಯುವ ಮೊದಲು ಸೋಪಿನ ಹಿಂದೆ ಬರೆದದ್ದನ್ನು ಓದುತ್ತಿದ್ದ. ಬೆಳಿಗ್ಗೆ ಎದ್ದು ಒಂದು ಸೊಪ್ಪಿನ ರಸ ಕುಡಿಯುತ್ತಿದ್ದ, ಮುಂದಿನ ವಾರ ಆ ಸೊಪ್ಪೇ ವಿಷ ಅಂತ ಬಂದಾಗ ಅದನ್ನೂ ಬಿಟ್ಟ. ಅವನ ಹೆಂಡತಿ ನನ್ನ ಹತ್ತಿರ ಹೇಳಿಕೊಂಡು ನಗುತ್ತಿದ್ದಳು, ಇನ್ನು ಗಾಳಿ ಒಂದನ್ನು ಬಿಡುವುದು ಬಾಕಿ ಅಂತ. ನಕ್ಕು ಮುಗಿದ ಮೇಲೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

ಪಕ್ಷ ಬಂತು. ಮಹಾಲಯ ಅಮಾವಾಸ್ಯೆಯ ದಿನ ನಮ್ಮಲ್ಲಿ ಸತ್ತವರಿಗೆ ಎಡೆ ಇಡುತ್ತೇವೆ. ಅವರಿಗೆ ಬದುಕಿದ್ದಾಗ ಏನು ಇಷ್ಟವೋ ಅದನ್ನೇ ಇಡಬೇಕು. ಹೊಸ ಬಟ್ಟೆ, ಕೋಳಿ ಸಾರು, ವಡೆ, ಕುಡಿಯುತ್ತಿದ್ದವರಿಗೆ ಒಂದು ಬಾಟಲಿ, ಸೇದುತ್ತಿದ್ದವರಿಗೆ ಬೀಡಿ. ಎಡೆ ಇಟ್ಟು ಧೂಪ ಹಾಕಿ, ಬಾಗಿಲು ಮುಚ್ಚಿ, ಮನೆಯವರೆಲ್ಲ ಸ್ವಲ್ಪ ಹೊತ್ತು ಹೊರಗೆ ಕೂರಬೇಕು. ಅವರು ಬಂದು ಉಂಡು ಹೋಗಲಿ ಅಂತ. ಆ ವರ್ಷ ನಮ್ಮ ಮನೆಯಲ್ಲಿ ಅವರಿಗೆ ಮೊದಲ ಎಡೆ.

ಅಮಾವಾಸ್ಯೆಯ ಹಿಂದಿನ ದಿನ ಸಾಮಾನು ತರಲು ಮೈದುನನಿಗೆ ಹೇಳೋಣ ಅಂತ ಬ್ಯಾರನ್ನಿನ ಹತ್ತಿರ ಹೋದೆ. ಕೊನೆಯ ಸುತ್ತಿನ ಸೊಪ್ಪು ಒಳಗಿತ್ತು. ಅವನು ಒಲೆಯ ಬಾಯಿಗೆ ಸೌದೆ ತಳ್ಳಿ, ಗೋಡೆಗೊರಗಿ ಕೂತಿದ್ದ. ನಾನು ಏನೇನು ಬೇಕು ಅಂತ ಹೇಳುತ್ತಾ ಹೋದೆ. ಅವನು ಒಂದೊಂದಕ್ಕೂ ಬೇಡ ಅಂದ. ಎಣ್ಣೆಯಲ್ಲಿ ಕರಿದದ್ದು ಬೇಡ. ಫಾರಂ ಕೋಳಿ ಬೇಡ, ಇಂಜೆಕ್ಷನ್ ಕೊಟ್ಟಿರುತ್ತಾರೆ. ಬಾಟಲಿ ಅಂತೂ ಬೇಡವೇ ಬೇಡ. ಸಕ್ಕರೆ ಹಾಕಿದ್ದು ಬೇಡ, ಬೆಲ್ಲ ಆಗಬಹುದು, ಅದೂ ಕಪ್ಪು ಬೆಲ್ಲ. ನಾನು ಮೊದಲು ಸುಮ್ಮನೆ ಕೇಳಿಸಿಕೊಂಡೆ. ಆಮೇಲೆ ಅವನು ಹೇಳುತ್ತಿರುವುದು ಏನು ಅಂತ ನನಗೆ ತಿಳಿಯಿತು.

“ಅಲ್ಲಪ್ಪ,” ಅಂದೆ. “ಹೋದವ್ರಿಗೆ ಇನ್ನೇನಾಗ್ಬೇಕು?”

ಅವನು ನನ್ನ ಮುಖ ನೋಡಿದ. ನಗು ಬರುತ್ತದೇನೋ ಅನ್ನಿಸಿತು, ನನಗೂ ಬರುವ ಹಾಗಿತ್ತು. ಆದರೆ ಅವನು ಮೊಣಕಾಲಿನ ಮೇಲೆ ಹಣೆ ಇಟ್ಟುಕೊಂಡು ಅಳಲು ಶುರು ಮಾಡಿದ. ಅಣ್ಣನನ್ನು ಮಣ್ಣು ಮಾಡಿದ ದಿನವೂ ಅವನು ಅಳುವುದನ್ನು ನಾನು ನೋಡಿರಲಿಲ್ಲ. ಅವತ್ತು ಹೂವು, ನೀರು, ಶಾಮಿಯಾನ ಅಂತ ಓಡಾಡುತ್ತಲೇ ಇದ್ದ. ನಾನು ಅಲ್ಲೇ ಸೌದೆಯ ತುಂಡಿನ ಮೇಲೆ ಕೂತೆ. ಅಳುತ್ತಲೇ ಅವನು ಮಾತಾಡಿದ. ತಾನೂ ಅಣ್ಣನೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಒಂದೇ ಮನೆಯ ಅನ್ನ ಉಂಡವರು, ಒಂದೇ ಹೊಗೆ ಕುಡಿದವರು. ಯಾಕೆ ಬಂತು ಅಂತ ಗೊತ್ತಾಗದಿದ್ದರೆ ನನಗೆ ಬರಲ್ಲ ಅಂತ ಹೇಗೆ ನಂಬಲಿ ಅತ್ತಿಗೆ ಅಂತ ಕೇಳಿದ. ಬೆಳಿಗ್ಗೆ ಎದ್ದ ಕೂಡಲೇ ಕನ್ನಡಿಯಲ್ಲಿ ಕಣ್ಣು ಹಳದಿಯಾಗಿದೆಯೇ ಅಂತ ನೋಡಿಕೊಳ್ಳುತ್ತಾನಂತೆ.

ನಾನು ಅವನಿಗೆ ಧೈರ್ಯ ಹೇಳಲಿಲ್ಲ. ಒಮ್ಮೆ ಹುಣಸೂರಿನ ಡಾಕ್ಟರಿಗೆ ತೋರಿಸಿಕೊಂಡು ಬಾ, ಫೋನನ್ನು ಕೇಳಬೇಡ ಅಂದೆ. ಆಮೇಲೆ ಅವನ ತಾಯಿಯ ವಿಷಯ ಹೇಳಿದೆ. ಅವನು ತಲೆ ಎತ್ತಿದ.

“ನಾನು ಅವ್ವನ್ನ ಅಂದ್ನಾ ಅತ್ತಿಗೆ?”

“ನೀನು ಅನ್ನಲಿಲ್ಲ. ತಳ ಕೆರೆದು ಕೊಡ್ತಿದ್ದದ್ದು ಯಾರು ಅಂತ ನೆನೆಸ್ಕೋ.”

ಅವನಿಗೆ ಮರೆತೇ ಹೋಗಿತ್ತು. ಅಣ್ಣನಿಗೆ ಅದು ಇಷ್ಟ ಅನ್ನುವುದು ನೆನಪಿತ್ತು, ಅದು ಯಾರ ಕೈಯಿಂದ ಬರುತ್ತಿತ್ತು ಅನ್ನುವುದು ತಲೆಗೆ ಬಂದಿರಲಿಲ್ಲ. ಒಲೆಯಲ್ಲಿ ಸೌದೆ ಕುಸಿದು ಸದ್ದಾಯಿತು. ಅವನು ಎದ್ದು ಇನ್ನೊಂದು ತುಂಡು ತಳ್ಳಿದ, ಕಾವು ನೋಡಿದ, ಬಾಟಲಿಯೂ ಇರಲಿ ಬುಡಿ, ನಾನೇ ತರುತ್ತೇನೆ ಅಂದ.

ಅಮಾವಾಸ್ಯೆಯ ದಿನ ಬೆಳಿಗ್ಗೆಯಿಂದ ನಾನೂ ಮೈದುನನ ಹೆಂಡತಿಯೂ ಅಡಿಗೆಗೆ ನಿಂತೆವು. ಸಾರು ಕುದಿಯಿತು, ವಡೆ ಆಯಿತು. ಅತ್ತೆ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಎಡೆಯ ಹಿಟ್ಟನ್ನು ಮನೆಯ ಹಿರಿಯ ಹೆಂಗಸೇ ಮಾಡುವುದು ನಮ್ಮ ಮನೆಯ ಪದ್ಧತಿ. ನಾನು ಹೋಗಿ ಕರೆದೆ. ನೀನೇ ಮಾಡು ಅಂದರು. ಎರಡನೇ ಸಲ ಕರೆಯಲು ನನಗೆ ಬಾಯಿ ಬರಲಿಲ್ಲ. ತನ್ನಿಂದಲೇ ಸತ್ತ ಅಂದುಕೊಂಡಿರುವ ಮಗನಿಗೆ ಅದೇ ಹಿಟ್ಟನ್ನು ಬಡಿಸು ಅಂತ ಹೇಗೆ ಹೇಳುವುದು?

ಅಷ್ಟರಲ್ಲಿ ಮೈದುನ ಸ್ನಾನ ಮಾಡಿ ಬಂದು ಅವರ ಪಕ್ಕ ಕೂತ. ನಾನು ಬಾಗಿಲಲ್ಲೇ ನಿಂತಿದ್ದೆ. ಏನು ಹೇಳುತ್ತಾನೋ, ಮತ್ತೆ ಯಾವುದಾದರೂ ಹೊಸ ಕಾರಣ ತರುತ್ತಾನೋ ಅಂತ ನನಗೆ ದಿಗಿಲು.

“ಅವ್ವ, ಅದು ಯಾರೋ ಏನೋ ಯೋಳಿದ್ದು. ನಾನು ತಂದು ನಿನ್ ಮುಂದೆ ಆಕ್ದೆ.”

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

“ಅಣ್ಣಂಗೆ ಯಾಕೆ ಬಂತು ಅಂತ ನಂಗೊತ್ತಿಲ್ಲ ಕಣವ್ವ.”

“ಗೊತ್ತಿಲ್ವಾ?”

“ಇಲ್ಲ.”

ಅತ್ತೆ ಅವನ ಕಡೆ ತಿರುಗಿದರು. ಯಾವಾಗಲೂ ಎಲ್ಲವೂ ಗೊತ್ತಿದ್ದ ಮಗ. ಮೊಸರಿನದ್ದು ಗೊತ್ತು, ಸೋಪಿನದ್ದು ಗೊತ್ತು, ನೀರಿನದ್ದು ಗೊತ್ತು. ಅವನ ಬಾಯಿಂದ ಗೊತ್ತಿಲ್ಲ ಅನ್ನುವ ಮಾತು ಅವರು ಎಷ್ಟು ದಿನದಿಂದ ಕೇಳಿರಲಿಲ್ಲವೋ. ಡಾಕ್ಟರೂ ಅದನ್ನೇ ಹೇಳಿದ್ದರು, ನಾನೂ ಅದನ್ನೇ ಹೇಳಿದ್ದೆ. ಆದರೆ ನಾವು ಅವರನ್ನು ಸಮಾಧಾನ ಮಾಡಲು ಹೊರಟವರು. ಇವನು ಸೋತು ಕೂತಿದ್ದ. ಅದು ಅವನ ಮುಖದಲ್ಲೇ ಕಾಣುತ್ತಿತ್ತು.

ಅತ್ತೆ ಕಂಬ ಹಿಡಿದು ಎದ್ದರು. ಕೈ ತೊಳೆದುಕೊಂಡರು. ನೀರು ಕುದೀತಾ ಅಂತ ನನ್ನನ್ನು ಕೇಳಿದರು.

ಸ್ಟೀಲಿನ ಪಾತ್ರೆಯಲ್ಲಿ ಅವರು ಹಿಟ್ಟು ಮಾಡಿದ್ದು ಅದೇ ಮೊದಲು. ಕವೆಗೋಲನ್ನು ನಾನು ಒತ್ತಿ ಹಿಡಿದೆ. ಅವರು ತಿರುವಿದರು. ಒಂದೆರಡು ಗಂಟು ಉಳಿದವು. ಇನ್ಯಾವಾಗಲಾದರೂ ಆಗಿದ್ದರೆ ನಾನು ಒಂದು ಮಾತು ಅಂದು ತೀರಿಸಿಕೊಳ್ಳುತ್ತಿದ್ದೆ. ಪಾತ್ರೆ ಬೇರೆಯಾದರೂ ತಳ ಚೆನ್ನಾಗಿಯೇ ಹಿಡಿದಿತ್ತು. ಅತ್ತೆ ಬೆರಳಿನಿಂದ ಅದರ ಅಂಚು ಮುಟ್ಟಿ ನೋಡಿದರು. ಆಮೇಲೆ ಚಮಚ ಕೇಳಿದರು. ನಾನು ಕೊಟ್ಟೆ.

ಎಡೆ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಜಗಲಿಯಲ್ಲಿ ಕೂತೆವು. ಮೈದುನನ ಫೋನು ಜೇಬಿನಲ್ಲಿ ಒಂದೆರಡು ಸಲ ಸದ್ದು ಮಾಡಿತು, ಅವನು ತೆಗೆಯಲಿಲ್ಲ. ರಾತ್ರಿ ತೆಗೆದಿರುತ್ತಾನೆ, ನನಗೆ ಗೊತ್ತು. ಅತ್ತೆ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು.

“ಯಾರ್ಗೂ ಗೊತ್ತಿಲ್ವಾ?” ಅಂತ ಮತ್ತೆ ಕೇಳಿದರು.

“ಇಲ್ಲ ಕಣವ್ವ,” ಅಂದ ಮೈದುನ.

ಅತ್ತೆ ಬಾಗಿಲ ಕಡೆ ಕೈ ತೋರಿಸಿ, “ಬಾಗ್ಲು ತಗಿ, ಆರೋಯ್ತದೆ,” ಅಂದರು.

ಒಳಗೆ ಎಲೆ ಹಾಕಿ ಎಲ್ಲರೂ ಸಾಲಾಗಿ ಕೂತು ಉಂಡೆವು. ಅತ್ತೆ ಅರ್ಧ ಹಿಟ್ಟು ಉಂಡರು, ಇನ್ನು ಆಗಲ್ಲ ಅಂದರು. ಉಳಿದ ಅರ್ಧವನ್ನು ಮೈದುನ ಅವರ ಎಲೆಯಿಂದ ತೆಗೆದು ತನ್ನ ಎಲೆಗೆ ಹಾಕಿಕೊಂಡ.